ಇನ್ನೊಂದು ಗುಟುಕು

ಪೂವಪ್ಪ ಬಟ್ಟಲನ್ನು ಅಲ್ಲಾಡಿಸದೆ ಮತ್ತೆ ಮುಂದೆ ಚಾಚಿದರು. ಓಮಾನಿನಲ್ಲಿ ಕಾಫಿ ಸಾಕೆನ್ನಲು ಖಾಲಿ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು, ಇಲ್ಲವಾದರೆ ಸುರಿಯುತ್ತಲೇ ಇರುತ್ತಾರೆ ಎಂದು ಮಗಳು ಸಮೀಕ್ಷಾಗೆ ಕಲಿಸಿದವರೇ ಅವರು. ಇದು ಎಷ್ಟನೆಯ ಬಟ್ಟಲೋ.

"ನಿಮ್ಮ ಮಂಗಳೂರಲ್ಲಿ ಇಂಥ ಕಾಫಿ ಸಿಗುತ್ತದಾ?" ಮನೆಯ ಯಜಮಾನ ಸಲೀಂ ತಮ್ಮ ಹರಕು ಹಿಂದಿಯಲ್ಲಿ ಕೇಳಿದರು.

"ಇಷ್ಟು ಕಹಿ ಎಲ್ಲಿಯೂ ಸಿಗಲಿಕ್ಕಿಲ್ಲ," ಎಂದರು ಪೂವಪ್ಪ.

ಇಬ್ಬರೂ ನಕ್ಕರು. ಮಸ್ಕತ್ತಿನ ಒಂದೇ ಗೋದಾಮಿನಲ್ಲಿ ಇಬ್ಬರ ಕೂದಲೂ ನರೆತಿತ್ತು. ಸಲೀಂ ನಿವೃತ್ತರಾಗಿ ಸೂರ್‌ನ ಈ ಹಳೆಯ ಬಂದರಿಗೆ ಮರಳಿದ್ದರು. ಪೂವಪ್ಪ ಮುಂದಿನ ವಾರ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡುವವರು, ಇನ್ನು ಬರುವವರಲ್ಲ. ಹೆಂಡತಿ, ಮಗಳೊಡನೆ ಇಲ್ಲಿಗೆ ಬರಲು ಹಾಯಿದೋಣಿಯ ವಿಹಾರ ಬರೀ ನೆಪ. ಅಗಲುವ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ.

"ಸಮೀಕ್ಷಾ, ಅಪ್ಪನನ್ನು ಎಬ್ಬಿಸು ಮಾರಾಯ್ತಿ," ಮನೆಯೆದುರಿನ ಬಂದರು ಕಟ್ಟೆಯ ಬಳಿ ನಿಂತ ದೋಣಿಯಿಂದ ಅಮ್ಮ ವಿನೋದಾ ಕೂಗಿದರು. "ದೋಣಿಯವ ಯಲ್ಲಾ ಯಲ್ಲಾ, ಬೇಗ ಬನ್ನಿ ಅಂತ ಜೀವ ತಿಂತಿದ್ದಾನೆ. ಅವರಿಗೆಂತ, ಕಾಫಿಯಲ್ಲೇ ಹೊಟ್ಟೆ ತುಂಬಿಸುವ ಅಂದಾಜಾ?"

ಸಮೀಕ್ಷಾ ಅಪ್ಪನ ಭುಜ ಮುಟ್ಟಲು ಬಗ್ಗಿದಳು. ಅಷ್ಟರಲ್ಲಿ ಸಲೀಂ ಹಿತ್ತಾಳೆಯ ಕಾಫಿ ಕೂಜೆಯನ್ನು ಬಟ್ಟಲಿನ ಮೇಲೆ ವಾಲಿಸಿದರು. ಒಂದು ಹನಿಯೂ ಬೀಳಲಿಲ್ಲ. ಆದರೂ ಬಟ್ಟಲು ತುಂಬುವಷ್ಟು ಹೊತ್ತು ಅವರು ಅದನ್ನು ಹಾಗೆಯೇ ಹಿಡಿದಿದ್ದರು. ಅಪ್ಪ ಖಾಲಿ ಬಟ್ಟಲನ್ನು ತುಟಿಗೆ ತಂದು, ಬಿಸಿಯಿದೆಯೆಂಬಂತೆ ಊದಿ, ನಿಧಾನವಾಗಿ ಗುಟುಕರಿಸಿದರು.

ಸಮೀಕ್ಷಾ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅವಳು ಎಂದೂ ಅಷ್ಟು ದೂರಕ್ಕೆ ಕೇಳುವಂತೆ ದನಿಯೆತ್ತಿದವಳಲ್ಲ. ದೋಣಿಯ ಕಡೆ ತಿರುಗಿ, "ಕಾಫಿ ಇನ್ನೂ ಮುಗಿದಿಲ್ಲಮ್ಮ," ಎಂದು ಕೂಗಿ ಹೇಳಿದಳು.