ಅಗತ್ಯಾನುಸಾರ

ಬಜೆಟ್ ಬರೆದ ಮಂತ್ರಿ ಮುಂದಿನ ಒಂದು ವರ್ಷವನ್ನು ಚೀಟಿ ಎತ್ತಿದಾಗ ಬಂದ ಊರಿನಲ್ಲೇ ಕಳೆಯಬೇಕು. ಎಣ್ಣೆಬಾವಿಗಳನ್ನೇ ನಂಬಿ ಬದುಕುವ ಆ ದೇಶದ ಕಾನೂನು ಅದು. ಹಣಕಾಸು ಮಂತ್ರಿ ನಾಗ್ವೇಕರ್ ಅವರಿಗೆ ಬಂದದ್ದು ಒಂದು ದ್ವೀಪ. ಅಲ್ಲಿಗೆ ಕುಡಿಯುವ ನೀರಿನ ದೋಣಿ ‘ಅಗತ್ಯಾನುಸಾರ’ ಹೋಗಲಿ ಎಂದು ಬರೆದವರೂ ಅವರೇ. ಅಗತ್ಯ ಎಷ್ಟೆಂದು ರಾಜಧಾನಿ ತೀರ್ಮಾನಿಸುತ್ತಿತ್ತು; ದೋಣಿ ವಾರಕ್ಕೊಮ್ಮೆ ಬರುತ್ತಿತ್ತು.

ವರ್ಷ ಮುಗಿಯುವ ದಿನ ಅವರು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಹಣಕಾಸು ಕಾರ್ಯದರ್ಶಿಯ ಫೋನು ಬಂತು. ಊರು ಬಿಡುವ ಮಂತ್ರಿಗೆ ಹೊಸ ಬಜೆಟ್ಟಿನಲ್ಲಿ ಒಂದೇ ಒಂದು ಪದ ಬದಲಿಸುವ ಹಕ್ಕಿದೆ. ಅದರ ಖರ್ಚನ್ನು ಎಲ್ಲಿಂದ ತರಬೇಕೆಂದೂ ಅವರೇ ಹೇಳಬೇಕು.

“ಅಗತ್ಯಾನುಸಾರ ಅನ್ನೋದನ್ನ ಹೊಡೆದುಹಾಕಿ. ಪ್ರತಿದಿನ ಅಂತ ಬರೀರಿ.”

“ಎಣ್ಣೆ ರೇಟು ಬಿದ್ದಿದೆ ಸರ್. ದುಡ್ಡು?”

ನಾಗ್ವೇಕರ್ ತಮ್ಮ ಖಾಲಿ ಕೊಡದೊಳಗೆ ಇಣುಕಿದರು. ಹಿಂದೆ ನಿಂತಿದ್ದ ದೇವಕಿ ಕೊಡದಿಂದ ಅವರ ಬೆನ್ನಿಗೆ ತಿವಿದಳು.

“ಎಂತ ಅಗತ್ಯಪ್ಪನೋರೇ, ಬಾಯಿಗೆ ಬೀಗ ಬಿತ್ತಾ? ನೀವು ನಾಳೆ ಹೋಗ್ತೀರಿ. ನಾವು ಇಲ್ಲೇ ಸಾಯ್ಬೇಕು.”

“ರಾಜಧಾನಿಯ ಪೆಟ್ರೋಲ್ ಸಬ್ಸಿಡಿ ತೆಗೀರಿ,” ಎಂದರು ನಾಗ್ವೇಕರ್.

“ಸರ್, ನಾಳೆ ನೀವೂ ಇಲ್ಲಿಗೇ ಬರೋರು. ಪೆಟ್ರೋಲ್ ಅಗ್ಗ ಅಂತ ಇಲ್ಲಿ ಎಲ್ರೂ ಕಾರಲ್ಲೇ ಓಡಾಡೋದು, ಬಸ್ಸೇ ಇಲ್ಲ.”

“ಬಸ್ ಅಂತ ಇನ್ನೊಂದು ಪದ ಸೇರಿಸಬಹುದಾ?”

“ಇಲ್ಲ ಸರ್. ಒಂದೇ.”

“ಹಾಗಾದ್ರೆ ನಡೀತೀನಿ. ಬರ್ಕೊಳ್ಳಿ.”