ಅತ್ತೆ ಆರಿಸಿದ ರೇಡಿಯೊ

"ಎರಡೂ ರೇಡಿಯೊ ಮೇಜಿನ ಮೇಲಿಡಿ. ಬೆಲೆ, ಕಂಪನಿ ಏನೂ ಹೇಳ್ಬೇಡಿ," ಎಂದು ಅತ್ತೆ ಕಣ್ಣು ಮುಚ್ಚಿಕೊಂಡು ಕುಳಿತರು.

ಅಂಗಡಿಯವನು ಸೊಸೆಯ ಮುಖ ನೋಡಿದ. ಗ್ಲೈಡರ್ ಹಾರಿಸುವವಳು ಅವಳು. ಇಂಜಿನ್ನೇ ಇಲ್ಲದ ಆ ವಿಮಾನದೊಳಗೆ ಅವಳಿಗೊಂದು ರೇಡಿಯೊ ಆಗಲೇ ಇತ್ತು. ಈಗ ಬೇಕಾಗಿದ್ದು, ಕೆಳಗೆ ಕಾರಿನಲ್ಲಿ ಹಿಂಬಾಲಿಸುವವರ ಕೈಗೊಂದು. ಹೋದ ತಿಂಗಳು ಗಾಳಿ ಕೈಕೊಟ್ಟು ಅವಳು ಗುಡ್ಡದಾಚೆಯ ಯಾವುದೋ ಹೊಲದಲ್ಲಿ ಇಳಿದಿದ್ದಳು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹೆಂಡತಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ನಾಲ್ಕು ತಾಸು ಒದ್ದಾಡಿದ ಗಂಡ, "ಇನ್ನು ಆ ಗ್ಲೈಡರ್ ಬಯಲಿಗೆ ನಾನು ಕಾಲಿಡಲ್ಲ, ನೀನೂ ಹಾರೋದು ಬಿಟ್ಬಿಡು," ಎಂದಿದ್ದ.

"ಅವನು ಬರದಿದ್ರೆ ಕಾರು ನಾನು ಓಡಿಸ್ತೀನಿ," ಎಂದವರು ಅತ್ತೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತು ನಿವೃತ್ತರಾದವರು. ವಿಮಾನದ ರೇಡಿಯೊದಲ್ಲಿ ಮಾತಾಡಲು ಬೇಕಾದ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿ, ಲೈಸೆನ್ಸನ್ನು ಪರ್ಸಿನಲ್ಲಿಟ್ಟುಕೊಂಡೇ ಅಂಗಡಿಗೆ ಬಂದಿದ್ದರು.

ಸೊಸೆ ಮೂರನೆಯದೊಂದು ರೇಡಿಯೊ ಹಿಡಿದು ಬೀದಿಯ ತುದಿಗೆ ಹೋದಳು. ಲಾರಿಗಳ ಗದ್ದಲದ ನಡುವೆ ನಿಂತು ಅಂಕಿಗಳನ್ನು ಓದಿದಳು. ಅತ್ತೆ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಕಿವಿಗೆ ಹಿಡಿದು ಕೇಳಿದರು. ಕಣ್ಣು ತೆರೆದು ಬಣ್ಣದ ಪರದೆಯದನ್ನು ಪಕ್ಕಕ್ಕೆ ಸರಿಸಿದರು.

"ಯಾಕಮ್ಮಾ? ಅದರಲ್ಲಿ ಮ್ಯಾಪೂ ಬರುತ್ತೆ," ಎಂದ ಅಂಗಡಿಯವನು.

"ಬರಲಪ್ಪಾ. ಅವಳು 'ಏಳು' ಅಂದಿದ್ದು ಇದರಲ್ಲಿ 'ಹೇಳು' ಅಂತ ಕೇಳಿಸ್ತು. ಅವಳು ಎತ್ತರ ಹೇಳ್ತಿದ್ರೆ ನಾನು ಕಥೆ ಹೇಳ್ತಾ ಕೂತಿರ್ತೀನಿ, ಅಷ್ಟೇ."

ಉಳಿದದ್ದು ದಪ್ಪಗೆ, ಕಪ್ಪಗೆ, ನೋಡಲು ಏನೂ ಚೆನ್ನಾಗಿರಲಿಲ್ಲ. ಅತ್ತೆ ಕಾರು ಓಡಿಸುವಾಗಿನ ಕೈಗವಸು ಹಾಕಿಕೊಂಡು ಅದರ ತಿರುಪು ತಿರುಗಿಸಿ ನೋಡಿದರು. ಹೊರಗೆ ಉರಿಬಿಸಿಲಿನಲ್ಲಿ ಹಿಡಿದು ಅಂಕಿ ಕಾಣುತ್ತದೆಯೇ ಎಂದು ನೋಡಿದರು. ಚಾರ್ಜ್ ಮುಗಿದರೆ ಯಾವ ಅಂಗಡಿಯಲ್ಲೂ ಸಿಗುವ ಸಣ್ಣ ಸೆಲ್ಲುಗಳನ್ನು ಹಾಕಬಹುದು ಎಂದು ತಿಳಿದ ಮೇಲೆ, "ಇದನ್ನೇ ಕೊಡಿ," ಎಂದರು.

ಭಾನುವಾರ ಮಧ್ಯಾಹ್ನ ಸೊಸೆ ಆಕಾಶದಲ್ಲಿದ್ದಳು. ಎಲ್ಲಾದರೂ ಇಳಿದರೆ ಗ್ಲೈಡರನ್ನು ಹೇರಿ ತರಲು ಖಾಲಿ ಟ್ರೇಲರ್ ಕಟ್ಟಿದ ಅತ್ತೆಯ ಕಾರು ಕೆಳಗೆ ರಸ್ತೆ ಹಿಡಿದಿತ್ತು. ಒಂದೂವರೆ ತಾಸು ಎಲ್ಲವೂ ಸಲೀಸಾಗಿ ನಡೆಯಿತು. ಮಗ್ಗುಲಲ್ಲೇ ಕುಳಿತು ಮಾತಾಡಿದಂತೆ ದನಿ ಬರುತ್ತಿತ್ತು. ಆಮೇಲೆ, "ಅತ್ತೆ, ಗಾಳಿ ಸತ್ತುಹೋಗಿದೆ. ಇಳೀತಾ ಇದೀನಿ. ಆರ್ನೂರು ಮೀಟರ್..." ಎಂದದ್ದೇ ಮಾತು ಕಡಿದುಹೋಯಿತು.

ಅತ್ತೆ ಕರೆದರು. ಮತ್ತೆ ಕರೆದರು. ಬರೀ ಮೌನ. 'ಏನೂ ಆಗಿಲ್ಲ, ನಡುವೆ ಗುಡ್ಡ ಅಡ್ಡ ಬಂದಿದೆ ಅಷ್ಟೇ' ಎಂದು ತಮಗೆ ತಾವೇ ಹೇಳಿಕೊಂಡು, ನೀರಿನ ಟ್ಯಾಂಕಿನತ್ತ ಏರುವ ಮಣ್ಣುದಾರಿಗೆ ಕಾರು ತಿರುಗಿಸಿದರು. ಟ್ರೇಲರ್ ಹಿಂದೆ ಎಗರಾಡುತ್ತ ಬಂತು. ನೆತ್ತಿ ಮುಟ್ಟಿ, ಬಾಗಿಲು ತೆರೆದು ನಿಂತದ್ದೇ ತಡ, "...ನಾನ್ನೂರೈವತ್ತು. ಇಳಿಯೋಕೆ ಒಂದು ಹೊಲ ನೋಡಿಟ್ಕೊಂಡಿದೀನಿ," ಎಂಬ ದನಿ ಸ್ಪಷ್ಟವಾಗಿ ಬಂತು.

"ಕೇಳಿಸ್ತಿದೆ ಕಣಮ್ಮಾ. ನಾನು ನೀರಿನ ಟ್ಯಾಂಕಿನ ಗುಡ್ಡದ ಮೇಲಿದೀನಿ."

"ಟ್ಯಾಂಕ್ ಕಾಣಿಸ್ತಿದೆ. ಅಲ್ಲಿ ಹಕ್ಕಿ ಏನಾದ್ರೂ ಇವೆಯಾ ಅತ್ತೆ?"

ಅತ್ತೆ ತಲೆಯೆತ್ತಿದರು. "ನಾಲ್ಕು ಹದ್ದು ಸುತ್ತುತ್ತಿವೆ."

"ರೆಕ್ಕೆ ಬಡೀತಿವೆಯಾ?"

"ಒಂದೂ ಬಡೀತಿಲ್ಲ. ಸುಮ್ನೆ ಚಾಚ್ಕೊಂಡು ಮೇಲೆ ಮೇಲೆ ಹೋಗ್ತಿವೆ."

"ಹಾಗಾದ್ರೆ ಅಲ್ಲಿ ಬಿಸಿಗಾಳಿ ಏಳ್ತಿದೆ. ಬಂದೆ!"

ಗ್ಲೈಡರ್ ಬಂದದ್ದು ಅತ್ತೆಗೆ ಕೇಳಿಸಲೇ ಇಲ್ಲ. ಬೆಳ್ಳಗಿನ ಉದ್ದನೆಯ ರೆಕ್ಕೆಯ ನೆರಳು ಮೈಮೇಲೆ ಹಾದುಹೋದಾಗಲೇ ಗೊತ್ತಾದದ್ದು. ಇಷ್ಟು ಹತ್ತಿರದಿಂದ ಅವರು ಎಂದೂ ನೋಡಿರಲಿಲ್ಲ. ಗ್ಲೈಡರ್ ಒಂದು ಮಗ್ಗುಲಿಗೆ ವಾಲಿ ಹದ್ದುಗಳ ಸುತ್ತಿನೊಳಗೆ ಸೇರಿಕೊಂಡಿತು. ಹದ್ದುಗಳು ಹೆದರಲಿಲ್ಲ, ಚದುರಲೂ ಇಲ್ಲ. ತಮ್ಮದೇ ಪೈಕಿ ಇನ್ನೊಂದು ಬಂತೆಂಬಂತೆ ಜಾಗ ಕೊಟ್ಟವು. ಒಂದು ಸುತ್ತು, ಇನ್ನೊಂದು ಸುತ್ತು. ಗಾಜಿನ ಹಿಂದೆ ಕಂಡ ಸೊಸೆಯ ಮುಖ ಮುಂದಿನ ಸುತ್ತಿಗೆ ಚುಕ್ಕೆಯಾಯಿತು, ಅದರ ಮುಂದಿನದಕ್ಕೆ ಕಾಣದಾಯಿತು. ತಳ್ಳುವ ಇಂಜಿನ್ ಇಲ್ಲ, ಎತ್ತುವ ಹಗ್ಗವಿಲ್ಲ. ಕಣ್ಣಿಗೇ ಕಾಣದ್ದೊಂದು ಐದು ಜೀವಗಳನ್ನು ಅಂಗೈಯಲ್ಲಿಟ್ಟುಕೊಂಡು ಆಕಾಶಕ್ಕೆ ಒಯ್ಯುತ್ತಿತ್ತು.

"ಅಬ್ಬಾ," ಎಂದರು ಅತ್ತೆ. "ಅಬ್ಬಬ್ಬಾ... ಅಬ್ಬಾ!"

ಕುತ್ತಿಗೆ ನೋಯತೊಡಗಿದಾಗ ತಲೆ ತಗ್ಗಿಸಿದರು. ರೇಡಿಯೊದ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಹೆಬ್ಬೆರಳು ಅಷ್ಟು ಹೊತ್ತೂ ಮಾತಾಡುವ ಬಟನ್ನನ್ನು ಒತ್ತಿಕೊಂಡೇ ಇತ್ತು. ಅದೇ ತರಂಗದಲ್ಲಿ ಕಿವಿಯಿಟ್ಟು ಸುತ್ತಮುತ್ತ ಹಾರುತ್ತಿದ್ದ ಬೇರೆ ಗ್ಲೈಡರಿನವರಿಗೆಲ್ಲ ತಮ್ಮ ಉದ್ಗಾರ ಕೇಳಿಸಿರಬೇಕು! ಬೆಚ್ಚಿ ಬೆರಳು ತೆಗೆದರು.

ಕ್ಷಣ ಬಿಟ್ಟು ಗುರುತಿಲ್ಲದ ಮುದಿ ಗಂಡಸಿನ ದನಿಯೊಂದು ಬಂತು. "ಅಬ್ಬಾ ಅಬ್ಬಾ ಅಂತಿದ್ದವರು ಯಾರಮ್ಮಾ?"

"ಕ್ಷಮಿಸಿ, ನಾನೇ. ಕೆಳಗಿದೀನಿ. ಇಷ್ಟು ಹತ್ತಿರದಿಂದ ಮೊದಲ ಸಲ ನೋಡಿದ್ದು..."

"ಕ್ಷಮೆ ಯಾತಕ್ಕೆ? ನಲವತ್ತು ವರ್ಷದಿಂದ ಹಾರ್ತಿದೀನಿ. ಇವತ್ತಿಗೂ ನಾನು ಮೇಲೆ ಅದನ್ನೇ ಅಂತಿರ್ತೀನಿ. ಬಟನ್ ಮಾತ್ರ ಒತ್ತಿರಲ್ಲ."