ಎರಡು ಅಯೋಡಿನ್

"ಮುಟ್ಟಬ್ಯಾಡ! ಅತ್ತಿ, ಕೂಸನ್ನ ಹಿಡೀರಿ!"

ಇಂಡಿ ಪಟ್ಟಣದಿಂದ ಬಂದ ಬಸ್ಸಿಳಿದು ಹೊರ್ತಿಯ ಮನೆಯಂಗಳಕ್ಕೆ ಬಂದ ಸೊಸೆ ಸುಂದರವ್ವ ಹೀಗೆ ಚೀರಿ ಹಿಂದೆ ಸರಿದಾಗ ಅತ್ತೆ ಗುಂಡವ್ವ ಒಳಗಿನಿಂದ ಓಡಿಬಂದಳು. ಮುಂಬಯಿ ಆಸ್ಪತ್ರೆಯಿಂದ ಅವ್ವ ಬಂದಳೆಂದು ಕೈಚಾಚಿ ಓಡಿದ್ದ ಎರಡು ವರ್ಷದ ಮೊಮ್ಮಗಳು ನಡುವೆಯೇ ನಿಂತು ಅಳತೊಡಗಿದಳು. ಗುಂಡವ್ವ ಅವಳನ್ನು ಬಾಚಿ ಎತ್ತಿಕೊಂಡಳು.

"ಯಾಕವ್ವಾ, ಕುತ್ತಿಗಿ ಬ್ಯಾನಿ ವಾಸಿ ಆಗಲಿಲ್ಲೇನ?"

"ಔಷಧ ಕುಡಿಸ್ಯಾರ್ರಿ, ವಾಸಿ ಆಗತೈತಿ. ಆದರ ಸ್ವಲ್ಪ ದಿನ ಕೂಸಿನ ಸನೇಕ ಹೋಗೂಹಂಗಿಲ್ಲ. ನನಗ ಬ್ಯಾರೆ ತಾಟು, ಬ್ಯಾರೆ ಗಲಾಸ ಇಡ್ರಿ. ಪಡಸಾಲ್ಯಾಗ ಒಬ್ಬಾಕಿನ ಮಲಗತೇನಿ."

ತವರೂರಿನ ಚಹಾದಂಗಡಿಯ ಹೊರಗೆ ಮುಟ್ಟಬಾರದವರೆಂದು ತಮ್ಮ ಕೇರಿಯವರಿಗೆ ಬೇರೆ ಇಟ್ಟ ಕಪ್ಪಿನಲ್ಲಿ ಕುಡಿದು, ತಾನೇ ತೊಳೆದಿಟ್ಟು ಬೆಳೆದವಳು ಗುಂಡವ್ವ. ಇಪ್ಪತ್ತು ವರ್ಷಗಳ ಹಿಂದೆ ಗಂಡನೊಡನೆ ಬೌದ್ಧಧರ್ಮ ಸ್ವೀಕರಿಸಿದ ದಿನ, ತನ್ನ ಮನೆಯಲ್ಲಿ ಯಾರಿಗೂ ಬೇರೆ ಪಾತ್ರೆ ಇಡುವುದಿಲ್ಲವೆಂದು ಶಪಥ ಮಾಡಿದ್ದಳು. ಈಗ ಮಕ್ಕಳಿಗೆ ಪಾಠ ಹೇಳುವ ಸೊಸೆಯ ಬಾಯಲ್ಲೇ ಈ ಮಾತು!

"ಈ ಮನ್ಯಾಗ ಬ್ಯಾರೆ ಗಲಾಸ?" ಅವಳು ಕೇಳಿದಳು. "ಏನ ಕುಡಿಸಿದ್ರು ನಿನಗ?"

"ಅಯೋಡಿನ್, ಅತ್ತಿ."

"ಗಾಯಕ್ಕ ಹಚ್ಚತಾರಲ್ಲ, ಅದ? ದವಾಖಾನ್ಯಾಗ ನನ್ನ ಕಾಲಿಗೂ ಬಳದಿದ್ರು. ನನ್ನ ಯಾರೂ ದೂರ ಇಡಲಿಲ್ಲ!"

"ಹೆಸರು ಒಂದರಿ, ಗುಣಾನೂ ಒಂದ. ಆದರ ಇದರ ಕಣದ ತಿರುಳು ಜರಾ ಭಾರ. ಅದು ಗಟ್ಟಿ ನಿಲ್ಲೂದಿಲ್ಲ, ಕಿರಣ ಉಗುಳಿ ಬ್ಯಾರೇನ ಆಗಿಬಿಡತೈತಿ. ಕುತ್ತಿಗ್ಯಾಗಿನ ಗ್ರಂಥಿಗೆ ಎರಡರ ಫರಕ ತಿಳಿಯಂಗಿಲ್ಲ, ಇದನ್ನೂ ಒಳಗ ಎಳಕೊಂತೈತಿ. ಆ ಕಿರಣ ಅಲ್ಲಿ ನನ್ನ ಬ್ಯಾನಿ ಸುಡತಾವ. ನನ್ನ ಎಂಜಲಿನ್ಯಾಗೂ ಅದು ಬರತೈತಿ, ಕೂಸಿಗೆ ತಾಗಿದರ ಕೇಡು."

ಮಗು ಅವ್ವನ ಕಡೆ ಮತ್ತೆ ಬಾಗಿತು. ಸುಂದರವ್ವನ ಕೈಗಳು ತಾವಾಗಿಯೇ ಮುಂದೆ ಬಂದವು. ಅವಳು ಅವನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಳು. ಗುಂಡವ್ವನ ಸಿಟ್ಟು ಜರ್ರನೆ ಇಳಿಯಿತು.

"ಇದು ಹೋಗೂದು ಹೆಂಗ? ಮತ್ತೇನರೆ ಔಷಧ?"

"ಏನೂ ಬ್ಯಾಡ್ರಿ. ತಾನಾ ಸವೀತೈತಿ. ವಾರ ಕಳದರ ಅರ್ಧ, ಮತ್ತೊಂದು ವಾರಕ್ಕ ಅದರರ್ಧ. ಹಂಗ ಮುಗದ ಹೋಗತೈತಿ. ಆಮ್ಯಾಲ ನಾನೂ ಎಲ್ಲಾರಂಗ."

ಸೊಸೆ ಹೇಳಿದ ಬೇರೆ ಯಾವುದೂ ಗುಂಡವ್ವನನ್ನು ಈ ಮಾತಿನಷ್ಟು ಬೆಚ್ಚಿಬೀಳಿಸಿರಲಿಲ್ಲ.

"ಮುಟ್ಟಬಾರದು ಅನ್ನೂದು," ಅವಳು ಮೆಲ್ಲಗೆ ಕೇಳಿದಳು, "ತಾನಾ ಸವೀತೈತೇನ?"